ಅಕ್ಕೋರ ಮೀಸಿ ಬ್ರ್ಯಾಕೆಟ್

ಅಕ್ಕೋರು ತೀರಿಕೊಂಡ ಮೇಲೆ ಗೋಕಾಕದಲ್ಲಿ ಒಂದು ಶ್ರದ್ಧಾಂಜಲಿ ಸಭೆ ನಡೆಯಿತು. ಮಾತಾಡಿದವರೆಲ್ಲ ಮೃದುಭಾಷಿ ಅಂದರು, ಶಾಂತಮೂರ್ತಿ ಅಂದರು. ಒಬ್ಬರಂತೂ "ಯಾರ ಮನಸ್ಸನ್ನೂ ನೋಯಿಸದ ಜೀವ" ಎಂದು ಹೇಳಿ ಕಣ್ಣು ಒರೆಸಿಕೊಂಡರು. ತಪ್ಪಿ ಬೇರೆ ಯಾರದೋ ಸಭೆಗೆ ಬಂದು ಕೂತಿದ್ದೇನೆಯೇ ಎಂದು ಅನುಮಾನವಾಗಿ ನಾನು ಮತ್ತೊಮ್ಮೆ ಫೋಟೊ ನೋಡಿದೆ. ಅವರೇ. ದಪ್ಪ ಕನ್ನಡಕ, ಅದರ ಹಿಂದೆ ‘ಏನ್ ನೋಡ್ತಿ?’ ಎಂದು ಗದರುವ ಕಣ್ಣು.

ನನಗೆ ತಿಳಿದ ಮಟ್ಟಿಗೆ ಅಕ್ಕೋರು ಮೃದುವಾಗಿ ಮಾತಾಡುತ್ತಿದ್ದುದು ನಮ್ಮ ಆಫೀಸಿನ ಯುಪಿಎಸ್ ಜೊತೆ ಮಾತ್ರ. ಕರೆಂಟ್ ಹೋಗಿ ಅದು ಕುಂಯ್ ಕುಂಯ್ ಅನ್ನತೊಡಗಿದರೆ ಅದರ ತಲೆ ಸವರುತ್ತ, "ಇನ್ನೊಂದ್ ಸ್ವಲ್ಪ ತಡ್ಕೋ ನಮ್ಮಪ್ಪಾ, ಇದೊಂದ್ ಫೈಲ್ ಸೇವ್ ಮಾಡ್ಕೊತೀನಿ" ಎನ್ನುತ್ತಿದ್ದರು. ಉಳಿದವರಿಗೆಲ್ಲ, ದೇವರನ್ನೂ ಸೇರಿಸಿ, ಒಂದೇ ಥರದ ಮಾತು.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಹುಕ್ಕೇರಿಯ ಅವರ ಅಣ್ಣಂದಿರು ಓದಿ ಬೇಜಾರು ಮಾಡಿಕೊಂಡಾರು. ಹೇಗೂ ಊರಲ್ಲಿ ಅವರನ್ನು ಹೆಸರು ಹಿಡಿದು ಕರೆದವರೇ ಇಲ್ಲ. ನಮ್ಮ ಕಡೆ ಸಾಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುತ್ತಾರೆ. ಇವರು ಒಂದು ಖಾಸಗಿ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು. ಸಾಲಿ ಬಿಟ್ಟ ಮೇಲೂ ಹೆಸರು ಬಿಡಲಿಲ್ಲ.

ಸಾಲಿ ಬಿಟ್ಟದ್ದಾದರೂ ಹೇಗೆ! ಚೇರ್ಮನ್ನರ ತಂಗಿಯ ಮಗ ಗಣಿತದಲ್ಲಿ ನಪಾಸಾಗಿದ್ದ. ಹೆಡ್‌ಮಾಸ್ತರು ಬಂದು, ಸ್ವಲ್ಪ ನೋಡಿ ಮಾರ್ಕ್ಸ್ ಹಾಕಿರಿ ಅಕ್ಕೋರ ಎಂದರಂತೆ. ಇವರು, "ಹಾಕ್ತೀನಲ್ರಿ, ಅದಕ್ಕೇನ್. ಆದ್ರ ಪೇಪರಿನ ಮ್ಯಾಲ ‘ಚೇರ್ಮನ್ನರ ಕೃಪೆಯಿಂದ’ ಅಂತ ಕೆಂಪು ಶಾಯಿಲೆ ಬರೀತೀನಿ, ನಡೀತೈತೇನ್ರಿ?" ಎಂದರು. ಅದು ನಡೆಯಲಿಲ್ಲ. ಆ ವರ್ಷವೇ ಕೆಲಸ ಹೋಯಿತು. ಆಗ ಅವರಿಗೆ ನಲವತ್ತು ದಾಟಿತ್ತು. ಕೊಲ್ಹಾಪುರಕ್ಕೆ ಹೋಗಿ, ಮಗಳ ವಯಸ್ಸಿನವರ ನಡುವೆ ಕೂತು ಕಂಪ್ಯೂಟರ್ ಕಲಿತರು. ವಾಪಸು ಬಂದು ಗೋಕಾಕದ ಬಸ್ ಸ್ಟ್ಯಾಂಡ್ ಹತ್ತಿರ, ಕರದಂಟಿನ ಅಂಗಡಿಯ ಮಾಳಿಗೆಯ ಮೇಲೆ, ಎರಡು ಕಂಪ್ಯೂಟರ್ ಇಟ್ಟು ಆಫೀಸು ತೆರೆದರು.

ಎರಡನೆಯ ಕಂಪ್ಯೂಟರಿನ ಮುಂದೆ ಕೂತವಳು ನಾನು. ಡಿಟಿಪಿ ಕಲಿತಿದ್ದೆ, ಮದುವೆಯ ಆಮಂತ್ರಣ ಪತ್ರಿಕೆ ಮಾಡುತ್ತಿದ್ದೆ. ಕೆಳಗಿನ ಅಂಗಡಿಯಲ್ಲಿ ತುಪ್ಪದಲ್ಲಿ ಅಂಟು ಹುರಿಯುವ ವಾಸನೆ ಮೆಟ್ಟಿಲು ಹತ್ತಿ ಬಂದು ನಮ್ಮಿಬ್ಬರನ್ನೂ ದಿನವಿಡೀ ಹಸಿದವರನ್ನಾಗಿ ಇಡುತ್ತಿತ್ತು. ಅಕ್ಕೋರದು ಜೈನರ ಮನೆ, ಅಲ್ಲಿ ಉಳ್ಳಾಗಡ್ಡಿ ಮುಟ್ಟುತ್ತಿರಲಿಲ್ಲ. ಆಫೀಸಿಗೆ ಅದರದೇ ಭಜಿ ತರಿಸಿ ತಿನ್ನುತ್ತಿದ್ದರು. "ಇದು ಆಫೀಸಿನ ಹೊಟ್ಟಿ, ಅದು ಮನಿ ಹೊಟ್ಟಿ. ಎರಡೂ ಕೂಡಸಬಾರ್ದು" ಎನ್ನುವುದು ಅವರ ಶಾಸ್ತ್ರ. ಆದರೆ ಹೊತ್ತು ಮುಳುಗಿದ ಮೇಲೆ ಒಂದು ತುತ್ತೂ ಇಲ್ಲ. ಭಕ್ತಿಯಿಂದ ಅಂದುಕೊಂಡು ಒಮ್ಮೆ ನಾನು ಹೊಗಳಿದೆ. "ಏ ಹುಚ್ಚಿ, ಅದು ಮಹಾವೀರರ ಸಲುವಾಗಿ ಅಲ್ಲ, ಅಸಿಡಿಟಿ ಸಲುವಾಗಿ" ಎಂದರು.

ಕಂಪ್ಯೂಟರಿಗೆ ಅವರು ಇಟ್ಟ ಹೆಸರು ಅಳಿಯ. "ತಣ್ಣಗ ಇಡಬೇಕು, ಧೂಳಾ ತಾಗಬಾರ್ದು, ಹೇಳಿದ್ದಷ್ಟಽ ಮಾಡತೈತಿ, ಅದೂ ಸಿಟ್ಟಿಗೆದ್ದು. ಅಳಿಯಾ ಅಲ್ದ ಮತ್ತೇನು?" ಬೆಳಿಗ್ಗೆ ಬಂದ ತಕ್ಷಣ, "ಅಳ್ಯಾ ಎದ್ದಾನೇನ್?" ಎಂದೇ ಕೇಳುವರು. ಯಾರಾದರೂ ಹೊಸಬರು ಕೂತಿದ್ದರೆ ಅವರಿಗೆ ಗಾಬರಿ. ಏಕೆಂದರೆ ಅಕ್ಕೋರಿಗೆ ಮದುವೆಯೇ ಆಗಿರಲಿಲ್ಲ.

ಅಂಥವರು ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ವಧು-ವರರ ವೆಬ್‌ಸೈಟು ತೆಗೆದರು. ಕಾರಣ ನಾನೇ. ಆಮಂತ್ರಣ ಪತ್ರಿಕೆ ಮಾಡಿಸಲು ಬಂದವರೆಲ್ಲ, ನಮ್ಮ ತಂಗಿಗೊಂದು ವರ ಇದ್ದರೆ ಹೇಳವ್ವ, ನಮ್ಮ ಭಾವನ ಮಗನಿಗೊಂದು ಹುಡುಗಿ ಇದ್ದರೆ ಹೇಳವ್ವ ಎಂದು ನನ್ನ ತಲೆ ತಿನ್ನುತ್ತಿದ್ದರು. ಒಂದು ದಿನ ಅಕ್ಕೋರು ತಿರುಗಿ ಕೂತು ಹೇಳಿದರು: "ನೀ ಮದುವಿ ಕಾರ್ಡ್ ಮಾಡು. ನಾ ಮದುವೀನಽ ಮಾಡ್ತೀನಿ."

ಗೋಕಾಕ, ಹುಕ್ಕೇರಿ ಎರಡು ತಾಲೂಕಿನ ಊರುಗಳ ಹುಡುಗ ಹುಡುಗಿಯರಿಗೆಲ್ಲ ಒಂದೊಂದು ಪುಟ. ಬಂದವರು ಪುಟಕ್ಕಿಂತ ಮೊದಲು ಅಕ್ಕೋರ ಕೊರಳು ನೋಡುತ್ತಿದ್ದರು. ತಾಳಿ ಕಾಣದೆ, "ಅಲ್ರಿ ಅಕ್ಕೋರ, ಊರ ಮಂದಿದೆಲ್ಲಾ ಮಾಡ್ತೀರಿ, ನಿಮ್ಮದಽ ಯಾಕ ಮಾಡ್ಕೊಂಡಿಲ್ರಿ?" ಎಂದು ಕೇಳದಿದ್ದವರು ಕಡಿಮೆ. ಅಕ್ಕೋರು ಕೀಲಿಮಣೆಯಿಂದ ಕಣ್ಣೆತ್ತದೆ, "ನಾ ಹಾಕಿದ ಷರತ್ತು ನೋಡಿ ಅಳ್ಯಾನಽ ಹ್ಯಾಂಗ್ ಆದ್ರಿ" ಎನ್ನುತ್ತಿದ್ದರು.

ಸೈಟು ಚೆನ್ನಾಗಿಯೇ ನಡೆಯಿತು. ಹಳ್ಳಿಗಳಲ್ಲಿ ಇಂಟರ್ನೆಟ್ ಇರಲಿಲ್ಲ ನಿಜ. ಆದರೆ ಹುಕ್ಕೇರಿ, ಸಂಕೇಶ್ವರಗಳಲ್ಲಿ ಸೈಬರ್ ಕೆಫೆ ಬಂದಿದ್ದವು. ಇಂಥ ಹುಡುಗಿ ನಿಮಗೆ ಹೊಂದಬಹುದು ಎಂದು ಅಕ್ಕೋರು ಫೋನಿನಲ್ಲಿ ಮಾತಾಡಿ, ಆ ಹುಡುಗಿಯ ಪುಟದ ವಿಳಾಸವನ್ನು ಮೇಲ್ ಕಳಿಸುವರು. ಹುಡುಗನ ಕಡೆಯವರು ಕೆಫೆಗೆ ಹೋಗಿ, ವಿಳಾಸದ ಮೇಲೆ ಒತ್ತಿ, ಪುಟ ತೆರೆದು, ಪ್ರಿಂಟ್ ತೆಗೆದುಕೊಂಡು ಹೋಗುವರು.

ಈ ವಿಳಾಸದ ಕಥೆಯನ್ನು ಸ್ವಲ್ಪ ಹೇಳಬೇಕು. ನಮ್ಮ ಸೈಟಿನ ಹೆಸರು, ಒಂದು ಓರೆಗೆರೆ, ತಾಲೂಕು, ಓರೆಗೆರೆ, ಊರು, ಓರೆಗೆರೆ, ಹುಡುಗಿಯ ಹೆಸರು. ಇಷ್ಟೂ ಸೇರಿದರೆ ಒಂದು ಪುಟದ ವಿಳಾಸ. ಅಕ್ಕೋರು ಪ್ರೋಗ್ರಾಮು ಬರೆಯುತ್ತಿದ್ದುದು ಪರ್ಲ್ ಎಂಬ ಭಾಷೆಯಲ್ಲಿ. ಅದರಲ್ಲಿ ಎರಡು ತುಣುಕು ಜೋಡಿಸಬೇಕಾದರೆ ನಡುವೆ ಒಂದು ಚುಕ್ಕಿ ಇಡಬೇಕು. ಅಕ್ಕೋರು ರಂಗೋಲಿ ಇಟ್ಟಂತೆ ಚುಕ್ಕಿ ಇಡುತ್ತ, ತುಣುಕು ಅಂಟಿಸುತ್ತ, ವಿಳಾಸ ಕಟ್ಟುತ್ತಿದ್ದರು. ಮೇಲ್ ಕಳಿಸುವ ಕಡೆ ಒಮ್ಮೆ, ಹುಡುಕುವ ಕಡೆ ಒಮ್ಮೆ, ಪ್ರಿಂಟ್ ತೆಗೆಯುವ ಕಡೆ ಒಮ್ಮೆ. ಒಂದೊಂದು ಕಡೆ ಒಂದೊಂದು ಥರ ಅಂಟು. ಹೇಗೋ ನಡೆಯುತ್ತಿತ್ತು.

ಮೂಡಲಗಿಯಲ್ಲಿ ಒಬ್ಬಳು ಸುಜಾತಾ ಇದ್ದಳು. ನಾವು ಸೈಟು ತೆರೆದ ಹೊಸತರಲ್ಲಿ ಸೇರಿದವಳು. ಆಗ ಜನ ಕಡಿಮೆ, ಬರಿಯ ‘ಸುಜಾತಾ’ ಎಂದರೆ ಸಾಕಿತ್ತು. ಡಿ.ಎಡ್. ಮಾಡಿ ಕೆಲಸ ಸಿಗದೆ ಮನೆಯಲ್ಲಿದ್ದಳು. ಮೂವತ್ತರ ಹತ್ತಿರ ವಯಸ್ಸು. ಒಂದು ಕಾಲು ಸ್ವಲ್ಪ ಎಳೆದು ನಡೆಯುತ್ತಿದ್ದಳು, ಅದನ್ನು ಪುಟದಲ್ಲಿ ಮುಚ್ಚಿಡದೆ ಬರೆಸಿದ್ದಳು. ಅವಳನ್ನು ಯಾರೂ ಕೇಳಿರಲಿಲ್ಲ. ಮುಂದೆ ಅದೇ ಊರಿನ ಇನ್ನೊಬ್ಬ ಸುಜಾತಾ ಸೇರಿದಳು. ಬಿ.ಎಸ್ಸಿ. ಮಾಡಿದ ಹುಡುಗಿ. ಗುರುತಿಗೆಂದು ಇವಳ ಹೆಸರಿನ ಮುಂದೆ ಒಂದು ಖಾಲಿ ಜಾಗ ಬಿಟ್ಟು ಅಡ್ಡಹೆಸರನ್ನೂ ಸೇರಿಸಿದರು ಅಕ್ಕೋರು.

ಹುಕ್ಕೇರಿ ಕಡೆಯ ಒಬ್ಬ ಹುಡುಗನಿಗೆ ಬಿ.ಎಸ್ಸಿ. ಸುಜಾತಾ ಹೊಂದುತ್ತಾಳೆ ಎಂದು ಮಾತಾಯಿತು. ಅಕ್ಕೋರು ವಿಳಾಸ ಕಳಿಸಿದರು.

ಮಾರನೆಯ ವಾರ ಹುಡುಗನ ತಂದೆ ನಗುತ್ತ ಮೆಟ್ಟಿಲು ಹತ್ತಿ ಬಂದರು. ಬಿಳಿ ಟೊಪ್ಪಿಗೆ, ಜರಿ ಅಂಚಿನ ಧೋತರ. ಕೂತವರೇ ಹೊಟ್ಟೆ ಸವರಿಕೊಂಡರು.

"ಏನ್ರಿ ಅಕ್ಕೋರ, ಒಂದಽ ಕನ್ಯಾ ನೋಡಾಕ ಹೋಗಿ ಎರಡ್ ಮನ್ಯಾಗ ಉಪ್ಪಿಟ್ಟು ತಿಂದ್ ಬಂದ್ವಿ ನೋಡ್ರಿ!"

"ಅಂದ್ರ?"

"ನೀವ್ ಕಳಿಸಿದ್ದು ಒತ್ತಿದ್ವಿ. ಫೋಟೊ ಬರಲಿಲ್ರಿ, ಕೆಫೆದವ ನೆಟ್ ಸ್ಲೋ ಐತಿ ಅಂದ. ವಿಳಾಸ, ಫೋನ್ ನಂಬರ್ ಅಷ್ಟು ಪ್ರಿಂಟ್ ತಗೊಂಡು, ಫೋನ್ ಹಚ್ಚಿ, ನಾಳೆ ಬರ್ತೀವಿ ಅಂದ್ವಿ. ಬರ್ರಿ ಬರ್ರಿ ಅಂದ್ರು. ಹ್ವಾದ್ವಿ. ಬೀಗರು-ಬಿಜ್ಜರು ಎಲ್ಲಾ ಕೂಡಿದ್ರು. ಉಪ್ಪಿಟ್ಟಾತು, ಚಾ ಆತು. ಹುಡುಗಿ ಕರ್ಕೊಂಡ್ ಬಂದ್ರು. ನೋಡಿದ್ರ ಕುಂಟಿ! ವಯಸ್ಸೂ ಆಗೇತಿ. ನಾನಽ ಅಂದೆ, ಏನ್ರಿಪಾ, ನಾವ್ ನೋಡಾಕ ಬಂದಿದ್ದು ಇಂಥಾಕಿನ್ನ ಅಲ್ಲ ಅಂತ. ಆಮ್ಯಾಲ ಗೊತ್ತಾತು, ಬಿ.ಎಸ್ಸಿ. ಹುಡುಗಿ ಮನಿ ಆಚಿ ಓಣ್ಯಾಗ ಐತಿ ಅಂತ. ಎದ್ದು ಅಲ್ಲಿ ಹ್ವಾದ್ವಿ. ಪಸಂದ್ ಆತ್ ಬಿಡ್ರಿ."

ಅವರು ಹೊಟ್ಟೆ ಕುಣಿಸಿ ನಕ್ಕರು. ನನಗೂ ನಗು ಬರುವುದರಲ್ಲಿತ್ತು, ಅಕ್ಕೋರ ಮುಖ ನೋಡಿ ನಿಂತಿತು. ಅವರು ತಾವು ಕಳಿಸಿದ ಮೇಲ್ ತೆಗೆದು ನೋಡಿದರು. ವಿಳಾಸ ನೀಲಿ ಬಣ್ಣದಲ್ಲಿ, ಕೆಳಗೆ ಗೆರೆ ಎಳೆದುಕೊಂಡು ಬಂದು, ‘ಸುಜಾತಾ’ ಎಂಬಲ್ಲಿಗೆ ನಿಂತುಬಿಟ್ಟಿತ್ತು. ಮುಂದೆ ಖಾಲಿ ಜಾಗ. ಅದರ ಮುಂದೆ ಅಡ್ಡಹೆಸರು, ಸಂಬಂಧವೇ ಇಲ್ಲದಂತೆ ಕಪ್ಪಗೆ ಕೂತಿತ್ತು. ಖಾಲಿ ಜಾಗ ಬಂದಲ್ಲಿಗೆ ವಿಳಾಸ ಮುಗಿಯಿತು ಎಂದು ಮೇಲ್ ತಿಳಿದುಕೊಂಡಿತ್ತು. ಒತ್ತಿದರೆ ತೆರೆದದ್ದು ಹಳೆಯ ಸುಜಾತಾಳ ಪುಟ.

ಅಕ್ಕೋರು ಮರಾಠಿಯಲ್ಲಿ ಏನೋ ಅಂದರು. ಅವರು ಲೆಕ್ಕ ಮಾಡುತ್ತಿದ್ದುದೂ ಬೈಯುತ್ತಿದ್ದುದೂ ಮರಾಠಿಯಲ್ಲೇ. ಆ ಸಲ ಅದು ಲೆಕ್ಕವಲ್ಲ ಎಂದು ನನಗೆ ಖಾತ್ರಿ ಇತ್ತು. ಹುಡುಗನ ತಂದೆಯನ್ನು ಕೂತಲ್ಲಿಯೇ ಬಿಟ್ಟು ಚಪ್ಪಲಿ ಮೆಟ್ಟಿದರು.

"ನಡಿ ತಂಗಿ, ಮೂಡಲಗಿಗೆ."

"ಫೋನ್ ಮಾಡಿದ್ರಾತಲ್ರಿ ಅಕ್ಕೋರ?"

"ಫೋನಿನ್ಯಾಗ ಮಾರಿ ಕಾಣಸಂಗಿಲ್ಲ. ಅವ್ರು ಉಗಳಬೇಕಂದ್ರ ಎಲ್ಲಿ ಉಗಳಬೇಕು?"

ಬಸ್ಸು ಹತ್ತಿದೆವು. ಕಲ್ಲೋಳಿಯಲ್ಲಿ ಪರಿಚಯದ ಹೆಂಗಸೊಬ್ಬಳು ಹತ್ತಿ, ನಮ್ಮ ಹುಡುಗನಿಗೆ ಏನಾದರೂ ಬಂದಿದೆಯೇ ಅಕ್ಕೋರ ಎಂದು ಕೇಳಿದರೆ, "ಜ್ವರ ಬಂದೈತಿ, ನನಗ. ದೂರ ಕುಂಡರು" ಎಂದರು.

ಮೂಡಲಗಿಯ ಆ ಮನೆಯ ಮುಂದೆ ಹಿಂದಿನ ದಿನದ ರಂಗೋಲಿ ಇನ್ನೂ ಅಳಿಸಿರಲಿಲ್ಲ. ಸುಜಾತಾಳ ತಂದೆ ಕಟ್ಟೆಯ ಮೇಲೆ ಕೂತಿದ್ದರು. ನಮ್ಮನ್ನು ಕಂಡು ಎದ್ದು ಒಳಗೆ ಕರೆದರು. ತಾಯಿ ಅಡುಗೆಮನೆಯ ಬಾಗಿಲಲ್ಲಿ ನಿಂತರು, ಹೊರಗೆ ಬರಲಿಲ್ಲ. ಬಾಡಿಗೆಗೆ ತಂದಿದ್ದ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಮೂಲೆಗೆ ಇಟ್ಟಿದ್ದರು.

ಅಕ್ಕೋರು ಕೂರಲಿಲ್ಲ. "ಕಾಕಾ, ನಿನ್ನಿ ಆದದ್ದು ಕೇಳಿದ್ನಿ. ತಪ್ಪು ನಂದು. ಅವರನ್ನ ನಿಮ್ಮ ಮನಿಗೆ ಕಳಿಸಿದಾಕಿ ನಾನಽ" ಎಂದರು.

ಆ ಮನುಷ್ಯ ನೆಲ ನೋಡುತ್ತ, "ಇರ್ಲಿ ಬಿಡ್ರಿ ಅಕ್ಕೋರ. ನೀವೇನ್ ಮಾಡ್ತೀರಿ. ನಮ್ಮ ಹುಡುಗಿ ಹಣೇಬರ" ಎಂದರು.

"ಹಣೇಬರ ಅಂದ್ರ ನಾ ಒಪ್ಪಂಗಿಲ್ರಿ. ಬರದಾಕಿ ನಾನು. ತಪ್ಪು ಬರದೇನಿ."

ಆಗ ಸುಜಾತಾ ಒಳಗಿನಿಂದ ಬಂದಳು. ಪುಟದಲ್ಲಿದ್ದ ಫೋಟೊಕ್ಕಿಂತ ತೆಳ್ಳಗಿದ್ದಳು. ಅತ್ತ ಗುರುತೇನೂ ಮುಖದಲ್ಲಿರಲಿಲ್ಲ, ಸಿಟ್ಟು ಇತ್ತು. "ಎಲ್ಲಿ ತಪ್ಪೇತ್ರಿ? ತೋರಸ್ರಿ" ಎಂದಳು.

ಸಾಲಿ ಬಿಟ್ಟು ಎಷ್ಟೋ ವರ್ಷವಾದರೂ ಅಕ್ಕೋರ ಚೀಲದಲ್ಲಿ ಸೀಮೆಸುಣ್ಣದ ತುಂಡು ಇದ್ದೇ ಇರುತ್ತಿತ್ತು. ಅಲ್ಲಿಯೇ ನೆಲಕ್ಕೆ ಕುಕ್ಕರಗಾಲಲ್ಲಿ ಕೂತು ಕಡಪಾ ಕಲ್ಲಿನ ಮೇಲೆ ಆ ಇಡೀ ವಿಳಾಸ ಬರೆದರು. ಎರಡು ಹೆಸರುಗಳ ನಡುವಿನ ಜಾಗದಲ್ಲಿ ಬೆರಳಿಟ್ಟರು.

"ಇಲ್ಲಿ ಖಾಲಿ ಬಿಟ್ಟೇನಿ. ಖಾಲಿ ಬಿಡಬಾರ್ದು. ಇಲ್ಲಿಗೆ ವಿಳಾಸ ತುಂಡಾತು. ಉಳಿದದ್ದು ನಿನ್ನ ಹೆಸರು."

ಸುಜಾತಾ ಬಗ್ಗಿ ಆ ಜಾಗ ನೋಡಿದಳು. "ಇಷ್ಟಽ ಇಷ್ಟು ಜಾಗಾಕ್ಕ ನಾ ಅಷ್ಟ್ ಮಂದಿ ಮುಂದ ಕುಂತಿದ್ನೇನ್ರಿ?"

"ಹೌದು."

ಅಕ್ಕೋರು ಸಮಾಧಾನ ಹೇಳಲಿಲ್ಲ, ಮುಂದೆ ಒಳ್ಳೆಯದಾಗುತ್ತದೆ ಎನ್ನಲಿಲ್ಲ. ನಾನಾಗಿದ್ದರೆ ಏನಾದರೂ ಹೇಳಿಬಿಡುತ್ತಿದ್ದೆ. ಅಡುಗೆಮನೆಯ ಬಾಗಿಲಲ್ಲಿ ತಾಯಿ ಸೆರಗು ಬಾಯಿಗಿಟ್ಟುಕೊಂಡರು.

"ನನ್ನ ಹೆಸರ ತಗೀರಿ" ಎಂದಳು ಸುಜಾತಾ.

"ಇವತ್ತಽ ತಗೀತೀನಿ."

ವಾಪಸು ಬಂದವರೇ ಅಕ್ಕೋರು ಮೊದಲು ಆ ಪುಟ ತೆಗೆದರು. ಆಮೇಲೆ ಇಡೀ ಸೈಟನ್ನೇ ಹೊರಗಿನವರಿಗೆ ತೆರೆಯದಂತೆ ಮುಚ್ಚಿ, ಬಾಗಿಲಿಗೆ ‘ದುರಸ್ತಿ ನಡೆದಿದೆ, ಬೈಯುವವರು ಫೋನ್ ಮಾಡಬೇಕು’ ಎಂದು ನನ್ನಿಂದ ದೊಡ್ಡ ಅಕ್ಷರದಲ್ಲಿ ಬರೆಸಿ ಹಚ್ಚಿದರು. ಬಹಳ ಜನ ಫೋನ್ ಮಾಡಿದರು.

ಕೆಲವು ದಿನಗಳ ನಂತರ ಮೆಟ್ಟಿಲ ಮೇಲೆ ಒಂದು ಕಾಲು ಎಳೆದು ಹತ್ತುವ ಸಪ್ಪಳ ಕೇಳಿಸಿತು. ಸುಜಾತಾ. ಮೂಡಲಗಿಯಿಂದ ಬಸ್ಸು ಹಿಡಿದು ಬಂದಿದ್ದಳು.

"ತಗೀತೀನಿ ಅಂತ ಹೇಳೀರಿ. ಖರೇನ ತಗದೀರೋ ಇಲ್ಲೋ ನೋಡಾಕ ಬಂದೇನ್ರಿ."

ಅಕ್ಕೋರಿಗೆ ಎಷ್ಟು ಖುಷಿಯಾಯಿತೆಂದರೆ ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟರು. ಅವಳು ತನ್ನ ವಿಳಾಸವನ್ನು ತಾನೇ ಒಂದೊಂದಕ್ಷರ ಒತ್ತಿ ಬರೆದಳು. ಪುಟ ಇಲ್ಲ ಎಂದು ಬಂತು. ಮೂಡಲಗಿಯನ್ನು ಇಂಗ್ಲಿಷಿನಲ್ಲಿ ಕೆಲವರು ಬೇರೆ ಥರ ಬರೆಯುತ್ತಾರಲ್ಲ ಎಂದು ನಡುವಿನ ಒಂದು ಅಕ್ಷರ ಬಿಟ್ಟು ಬರೆದಳು. ಪುಟ ತೆರೆಯಿತು! ಅವಳ ಹಳೆಯ ಫೋಟೊ ನಗುತ್ತ ನಿಂತಿತ್ತು. ಎರಡು ಕಾಗುಣಿತಕ್ಕೆ ಅಕ್ಕೋರು ಹಿಂದೆ ಯಾವಾಗಲೋ ಎರಡು ಪುಟ ಮಾಡಿ ಮರೆತಿದ್ದರು. ಅದನ್ನು ತೆಗೆಸಿದ ಮೇಲೂ ಸುಜಾತಾ ಸುಮ್ಮನಾಗಲಿಲ್ಲ. ‘ಬಿ.ಎ. ಅಂಡ್ ಬಿ.ಎಡ್.’ ಎಂದು ಅಂಡ್ ಚಿಹ್ನೆ ಹಾಕಿ ಹುಡುಕಿದಳು. ಆ ಚಿಹ್ನೆಯ ಮುಂದಿನದನ್ನು ಸೈಟು ನುಂಗಿತು. ಹೆಸರಿನಲ್ಲಿ ಓರೆಗೆರೆ ಇದ್ದವರನ್ನು ಹುಡುಕಿದಳು. ಅವರು ಬೇರೊಂದು ಊರಿಗೇ ಹೋಗಿ ಕೂತರು.

ಅಕ್ಕೋರು ಹಣೆ ಒರೆಸಿಕೊಂಡರು. "ಏ ಹುಡುಗಿ, ಇಷ್ಟ್ ದಿನಾ ಎಲ್ಲಿದ್ದಿ ನೀ?"

"ನಿಮ್ಮ ಪುಟದಾಗಽ ಇದ್ನೆಲ್ರಿ" ಎಂದಳು ಸುಜಾತಾ.

ಅವಳು ನಕ್ಕದ್ದನ್ನು ನಾನು ಮೊದಲು ನೋಡಿದ್ದು ಆಗ. ಮರುದಿನವೂ ಬಂದಳು. ಅಕ್ಕೋರು ಬಾ ಎನ್ನಲಿಲ್ಲ, ಇವಳು ಬರಲೇ ಎನ್ನಲಿಲ್ಲ. ಮೂರನೆಯ ಕಂಪ್ಯೂಟರೊಂದು ಬಂತು, ಅಷ್ಟೇ.

ಆ ಹೊತ್ತಿಗೆ ಅಕ್ಕೋರಿಗೆ ಒಂದು ವಿಷಯ ಖಾತ್ರಿಯಾಗಿತ್ತು. ವಿಳಾಸವನ್ನು ಕೈಯಿಂದ ಅಂಟಿಸುವ ಕೆಲಸ ಮನುಷ್ಯರದಲ್ಲ. "ಲೈಬ್ರರಿ ತರಬೇಕು" ಎಂದರು. ನಾನು ದಪ್ಪ ದಪ್ಪ ಪುಸ್ತಕಗಳು ಬರುತ್ತವೆ ಅಂದುಕೊಂಡೆ. ಅದಲ್ಲವಂತೆ. ಯಾವ ದೇಶದವರೋ ಒಬ್ಬರು ಒಂದು ಕೆಲಸಕ್ಕೆ ಬೇಕಾದ ಪ್ರೋಗ್ರಾಮು ಚೊಕ್ಕಟವಾಗಿ ಬರೆದು, ಎಲ್ಲರೂ ಬಳಸಿಕೊಳ್ಳಲಿ ಎಂದು ಇಂಟರ್ನೆಟ್ಟಿನಲ್ಲಿ ಇಟ್ಟಿರುತ್ತಾರೆ. ಅದಕ್ಕೇ ಲೈಬ್ರರಿ ಎನ್ನುವುದು. ವಿಳಾಸ ಕಟ್ಟುವುದಕ್ಕೆಂದೇ ಅಂಥದೊಂದು ಆಗಷ್ಟೇ ಹೊಸದಾಗಿ ಬಂದಿತ್ತು. ಅದನ್ನು ಇಳಿಸಿಕೊಳ್ಳುವಷ್ಟರಲ್ಲಿ ಕರೆಂಟ್ ಮತ್ತೆ ಮತ್ತೆ ಹೋಗಿ, ಯುಪಿಎಸ್‌ಗೆ ಅಕ್ಕೋರು ಜೋಗುಳ ಹಾಡುವುದೊಂದೇ ಬಾಕಿ.

ಅದು ಬಂದ ದಿನ ನಮ್ಮಿಬ್ಬರನ್ನೂ ಕೂರಿಸಿ ಪಾಠ ಮಾಡಿದರು. "ಗೌರಿ ಹುಣ್ಣಿವ್ಯಾಗ ಸಕ್ಕರಿ ಗೊಂಬಿ ಮಾಡ್ತಾರಲ್ಲ, ಕಟಗಿ ಅಚ್ಚು ಇರ್ತೈತಿ. ಒಮ್ಮೆ ಅಚ್ಚು ಕೊರದಿಟ್ರ ಮುಗೀತು, ಪಾಕಾ ಹೊಯ್ಯೂದು, ಗೊಂಬಿ ತಗಿಯೂದು. ಇದೂ ಹಂಗಽ."

ಪರದೆಯ ಮೇಲೆ ನಮ್ಮ ವಿಳಾಸ ಒಂದೇ ಸಾಲಿನಲ್ಲಿತ್ತು. ತಾಲೂಕು, ಊರು, ಹೆಸರು ಬರಬೇಕಾದ ಕಡೆಯಲ್ಲೆಲ್ಲ ಎರಡು ಬದಿಗೂ ಪುಷ್ಪಾವರಣ, ಗಣಿತದಲ್ಲಿ ಹಾಕುತ್ತೇವಲ್ಲ, ಆ ಬಳುಕಿದ ಕಂಸ. ಅಕ್ಕೋರು ಅದಕ್ಕೆ ಮೀಸಿ ಬ್ರ್ಯಾಕೆಟ್ ಎಂದು ಹೆಸರಿಟ್ಟರು. ನಿಲ್ಲಿಸಿದ ಮೀಸೆಯ ಹಾಗೆಯೇ ಇತ್ತು. "ಮೀಸಿ ನಡುವಿಂದು ತೂತು. ತೂತಿನ್ಯಾಗ ಏನ್ ತುಂಬಬೇಕು ಅಂತ ನಾವು ಹೇಳೂದು. ತುಂಬೂ ಕೆಲಸ ಅದರದು. ಅಡ್ಡಾದಿಡ್ಡಿ ಏನರ ಬಂದ್ರ ತಾನಽ ಸೋಸಿ ಹಾಕತೈತಿ."

ಬಿ.ಎಸ್ಸಿ. ಸುಜಾತಾಳ ಹೆಸರು ತುಂಬಿ ತೋರಿಸಿದರು. ಎರಡು ಹೆಸರಿನ ನಡುವೆ ಖಾಲಿ ಜಾಗ ಹೋಗಿ, ಅಲ್ಲಿ ಒಂದು ಶೇಕಡಾ ಚಿಹ್ನೆ, ಮುಂದೆ ಇಪ್ಪತ್ತು ಎಂಬ ಅಂಕಿ ಬಂದಿತ್ತು. ವಿಳಾಸ ತುಂಡಾಗದೆ ಕೊನೆಯವರೆಗೆ ನೀಲಿಯಾಗಿತ್ತು.

"ಖಾಲಿ ಜಾಗಾಕ್ಕ ಇಪ್ಪತ್ ಪರ್ಸೆಂಟ್ ಯಾಕ್ರಿ ಅಕ್ಕೋರ?" ಎಂದೆ ನಾನು.

"ಕಮಿಷನ್" ಎಂದರು ಅಕ್ಕೋರು. "ಸರಕಾರಿ ಜಾಗಾ ಇರಬೇಕು."

ಇದರ ನಿಜವಾದ ಗಮ್ಮತ್ತು ತಿಳಿದದ್ದು ಸುಜಾತಾ ಒಂದು ಮಾತು ಎತ್ತಿದಾಗ. ಒಂದೇ ಊರಲ್ಲಿ ಒಂದೇ ಹೆಸರಿನವರು ಬಂದರೆ ಮತ್ತೆ ಗೊಂದಲ ತಪ್ಪಿದ್ದಲ್ಲ, ತಂದೆಯ ಹೆಸರು ಸೇರಿಸೋಣ ಎಂದು ಅಕ್ಕೋರು ಹೊರಟಿದ್ದರು. ಸುಜಾತಾ, "ತಂದಿ ಹೆಸರ ಯಾಕ್ರಿ? ನಮ್ಮ ಓಣ್ಯಾಗ ಬಸಪ್ಪಗೋಳು ಹೆಜ್ಜಿಗೊಬ್ರು ಅದಾರ. ತಾಯಿ ಹೆಸರ ಹಾಕ್ರಿ" ಎಂದಳು. ಬಾಗಿಲಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದ ತಾಯಿ ನನ್ನ ಕಣ್ಣ ಮುಂದೆ ಬಂದರು.

ಅಕ್ಕೋರು ಅಚ್ಚಿನಲ್ಲಿ ಇನ್ನೊಂದು ಮೀಸಿ ಬ್ರ್ಯಾಕೆಟ್ ಇಟ್ಟರು. ಒಂದೇ ಕಡೆ, ಒಂದೇ ಸಲ. ಮೇಲ್‌ನಲ್ಲಿ, ಹುಡುಕುವಲ್ಲಿ, ಪ್ರಿಂಟಿನಲ್ಲಿ, ಎರಡು ತಾಲೂಕಿನ ಎಲ್ಲ ಹುಡುಗ ಹುಡುಗಿಯರ ವಿಳಾಸದಲ್ಲಿ ಹಡೆದವಳ ಹೆಸರು ಬಂದು ಕೂತಿತು. ಹಿಂದಿನ ಅಂಟಿನ ಕೆಲಸವಾಗಿದ್ದರೆ ತಿಂಗಳು ಹಿಡಿಯುತ್ತಿತ್ತು, ಅದರಲ್ಲೂ ಅರ್ಧ ತಪ್ಪುತ್ತಿತ್ತು.

ಗಲಾಟೆಯಾಗದೆ ಇರುತ್ತದೆಯೇ? ಹಿರಿಯರೊಬ್ಬರು ಬಂದು, "ಹೆಂಗಸರ ಹೆಸರು ಯಾಕ್ರಿ ಬೇಕು ಅದರಾಗ?" ಎಂದು ಏರಿದ ದನಿಯಲ್ಲಿ ಕೇಳಿದರು.

"ನೀವು ಹಡದಿದ್ರ ನಿಮ್ಮದಽ ಹಾಕ್ತಿದ್ನಿ" ಎಂದರು ಅಕ್ಕೋರು. ಅವರು ಇಳಿದು ಹೋದರು. ಮೃದುಭಾಷಿ!

ಈ ನಡುವೆ ನಮ್ಮ ಉಪ್ಪಿಟ್ಟಿನ ಕಾಕಾ ಮತ್ತೆ ಬಂದರು. ಮಗನ ಮದುವೆ ಗಟ್ಟಿಯಾಗಿತ್ತು, ಬಿ.ಎಸ್ಸಿ. ಸುಜಾತಾಳ ಜೊತೆ. ಪತ್ರಿಕೆ ಮಾಡಿಸಬೇಕಿತ್ತು. ಮದುವೆಯ ದಿನ ಅಕ್ಕೋರಿಗೆ ಶಾಲು ಹೊದಿಸಿ ಸನ್ಮಾನ ಮಾಡುತ್ತೇವೆ, ಬರಲೇಬೇಕು ಎಂದರು. ಮಗನೂ ಜೊತೆಗಿದ್ದ. ಮೂಲೆಯ ಕಂಪ್ಯೂಟರಿನ ಮುಂದೆ ಬೆನ್ನು ಮಾಡಿ ಕೂತಿದ್ದವಳು ಯಾರು ಎಂದು ಅವರಿಬ್ಬರಿಗೂ ಗೊತ್ತಾಗಲಿಲ್ಲ.

"ಬರ್ತೀನ್ರಿ" ಎಂದರು ಅಕ್ಕೋರು. "ಅದಕ್ಕೂ ಮೊದಲ ನೀವು ಆ ಇನ್ನೊಂದ್ ಮನಿಗೆ ಹೋಗಿ ತಪ್ಪಾತು ಅಂತ ಅಂದ್ ಬರ್ರಿ."

"ನಾ ಯಾಕ್ರಿ? ತಪ್ಪು ನಿಮ್ಮದಲ್ಲೇನ್ರಿ?"

"ಮನಿ ತಪ್ಪಿದ್ದು ನನ್ನಿಂದ. ನಾಲಿಗಿ ತಪ್ಪಿದ್ದು ನಿಮ್ಮದು."

ಕಾಕಾನ ಮುಖ ಕೆಂಪಾಯಿತು. "ಶಾಲ್ ಹೊಚ್ಚತೀವಿ ಅಂದ್ರ ಇದೇನ್ರಿ ನಿಮ್ಮದು" ಎಂದು ಎದ್ದು ದಡದಡ ಇಳಿದರು. ಪತ್ರಿಕೆಯನ್ನು ಬೇರೆ ಕಡೆ ಮಾಡಿಸಿದರು. ಅವರು ಆ ಮನೆಗೆ ಹೋಗಲಿಲ್ಲ, ಅಕ್ಕೋರು ಮದುವೆಗೆ ಹೋಗಲಿಲ್ಲ.

ಆದರೆ ಮಗ ಅಂದು ತಂದೆಯ ಹಿಂದೆ ಇಳಿಯದೆ ಬಾಗಿಲಲ್ಲಿ ನಿಂತಿದ್ದ. ಈ ಮಾತೆಲ್ಲ ನಡೆಯುವಾಗ ಸುಜಾತಾ ಇತ್ತ ತಿರುಗಿ ಕೂತಿದ್ದಳು. ಅವನು ಗುರುತು ಹಿಡಿದ. ಏನು ಮಾಡಬೇಕೆಂದು ತಿಳಿಯದೆ ಬಾಗಿಲ ಚೌಕಟ್ಟು ಹಿಡಿದುಕೊಂಡ.

"ಅವತ್ತು ಅಪ್ಪ ಹಂಗ ಅಂದಾಗ ನಾನೂ ಸುಮ್ನ ಕುಂತಿದ್ನ್ರಿ" ಎಂದ. "ಏನರ ಅನಬೇಕಾಗಿತ್ತು. ತಪ್ಪಾತ್ರಿ."

ಸುಜಾತಾ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಸುಮ್ನ ಎಲ್ಲಿ ಕುಂತಿದ್ರಿ? ಆಚಿ ಓಣಿಗೆ ಹೋಗಿ ಎರಡ್ನೇ ಸಲ ಉಪ್ಪಿಟ್ಟು ಹಾಕಿಸ್ಕೊಂಡ್ರಲ್ಲ" ಎಂದಳು.

ಅವನು ಅಳಬೇಕೋ ನಗಬೇಕೋ ತಿಳಿಯದೆ ಕೈ ಮುಗಿದು ಇಳಿದುಹೋದ. ಅವನ ಹೆಜ್ಜೆಯ ಸಪ್ಪಳ ಮುಗಿದ ಮೇಲೆ ಅಕ್ಕೋರು ಕನ್ನಡಕ ತೆಗೆದು ಒರೆಸುತ್ತ, "ಹುಡುಗ ಛಲೋ ಅದಾನ. ಅಪ್ಪನ್ನ ಸೋಸಾಕ ಯಾವ ಲೈಬ್ರರಿನೂ ಬಂದಿಲ್ಲ ಇನ್ನಾ" ಎಂದರು. ಸುಜಾತಾ ತಿರುಗಿ ಕೆಲಸಕ್ಕೆ ಕೂತಳು. ಸ್ವಲ್ಪ ಹೊತ್ತಾದ ಮೇಲೆ ಅವಳ ಭುಜ ಅಲುಗುತ್ತಿದ್ದುದು ಕಾಣಿಸಿತು. ನಗುವೋ ಅಳುವೋ ನನಗೆ ತಿಳಿಯಲಿಲ್ಲ. ಎದ್ದು ನೋಡಲು ಹೊರಟವಳನ್ನು ಅಕ್ಕೋರು ಕಣ್ಣಿನಿಂದಲೇ ಕೂರಿಸಿದರು.

ಆಮೇಲೆ ಕೆಲವು ವರ್ಷ ನಾವು ಮೂವರೂ ಕೂಡಿ ಆ ಸೈಟು ನಡೆಸಿದೆವು. ಸುಜಾತಾ ಮದುವೆಯ ಮಾತು ಎತ್ತಲಿಲ್ಲ, ಯಾರಿಗೂ ಎತ್ತಲು ಬಿಡಲಿಲ್ಲ. ಪ್ರೋಗ್ರಾಮು ಬರೆಯುವುದನ್ನು ಅಕ್ಕೋರಿಂದ ಕಲಿತಳು, ಬೈಯುವುದನ್ನೂ. ಮರಾಠಿಯಲ್ಲಿಯೇ ಬೈಯುತ್ತಿದ್ದಳು. ನಮ್ಮಲ್ಲಿ ಕೂಡಿಬಂದ ಮದುವೆಗಳಲ್ಲಿ ಕೆಲವು ಚೆನ್ನಾಗಿದ್ದವು, ಕೆಲವರು ಬಂದು ನಮ್ಮನ್ನೇ ಶಪಿಸಿದರು. "ಸರಿಯಾದ ಮನಿಗೆ ಕಳಿಸೂದು ನಂದು, ಸರಿಯಾಗಿ ಬಾಳೂದು ನಿಮ್ಮದು" ಎಂದು ಅಕ್ಕೋರು ಕೈ ತೊಳೆದುಕೊಳ್ಳುತ್ತಿದ್ದರು.

ಕೊನೆಕೊನೆಗೆ ದೊಡ್ಡ ದೊಡ್ಡ ಕಂಪನಿಗಳ ವಧು-ವರರ ಸೈಟುಗಳು ಬಂದವು. ನಮ್ಮಲ್ಲಿಗೆ ಬರುವವರು ಕಡಿಮೆಯಾದರು. ಅಕ್ಕೋರ ಕಣ್ಣೂ ಸೋಲತೊಡಗಿತ್ತು. ಅಂಥ ಹೊತ್ತಿನಲ್ಲಿ ಪುಣೆಯಿಂದ ಒಬ್ಬ ಮನುಷ್ಯ ಬಂದ. ಬಿಸಿಲಿನಲ್ಲೂ ಕೋಟು. ಮರಾಠಿಯಲ್ಲಿ ಸಿಹಿಸಿಹಿಯಾಗಿ ಮಾತಾಡಿದ. ಸೈಟು ಬೇಡ, ಅದರಲ್ಲಿರುವ ಹುಡುಗಿಯರ ಹೆಸರು, ಫೋಟೊ, ಫೋನ್ ನಂಬರು ಇಷ್ಟೂ ಕೊಟ್ಟುಬಿಡಿ, ಕೇಳಿದಷ್ಟು ಕೊಡುತ್ತೇನೆ ಎಂದ.

"ಏನ್ ಮಾಡ್ತೀರಿ ತಗೊಂಡು?" ಎಂದು ಅಕ್ಕೋರು ಕನ್ನಡದಲ್ಲಿ ಕೇಳಿದರು. ಬೇಕೆಂದೇ ಕನ್ನಡದಲ್ಲಿ.

ಅವನು ಸೋಪು, ಸೀರೆ, ವಿಮೆ, ಫೈನಾನ್ಸು ಎಂದೇನೋ ಹೇಳಿದ. ನಂಬರು ಸಿಕ್ಕರೆ ಎಲ್ಲದಕ್ಕೂ ಬರುತ್ತವಂತೆ. ವಿಚಾರ ಮಾಡಿ, ಎರಡು ದಿನ ಬಿಟ್ಟು ಫೋನ್ ಮಾಡುತ್ತೇನೆ ಎಂದು ಹೋದ.

ಅಕ್ಕೋರಿಗೆ ಹಣ ಬೇಡವಾಗಿರಲಿಲ್ಲ. ಕಣ್ಣಿನ ಆಪರೇಷನ್ ಬೆಳಗಾವಿಯಲ್ಲಿ ಆಗಬೇಕಿತ್ತು. ಅಂದು ಸಂಜೆಯವರೆಗೆ ಭಜಿ ಕೂಡ ತರಿಸದೆ ಕೂತರು. ನಾನು, ಕೊಟ್ಟರೆ ಏನಾಯಿತು ಅಕ್ಕೋರ, ಎಲ್ಲ ಹೇಗೂ ಬೀದಿಯಲ್ಲಿ ಸಿಗುವ ನಂಬರುಗಳೇ ಅಲ್ಲವೇ ಎಂದೆ. ಅವರು ನನ್ನನ್ನು ಬೈಯಲಿಲ್ಲ.

"ಅವ್ರಪ್ಪ-ಅವ್ವ ಕೊಟ್ಟಿದ್ದು ನನಗ. ಒಂದ್ ಮನಿ ಹುಡುಕು ಅಂತ ಕೊಟ್ಟಾರ, ಮಾರು ಅಂತ ಅಲ್ಲ" ಎಂದರು.

ಮರುದಿನ ಬೆಳಿಗ್ಗೆ ಸುಜಾತಾಳಿಗೆ ಎಲ್ಲವನ್ನೂ ಅಳಿಸು ಎಂದರು. ಅವಳು ಹೆಸರು, ಫೋಟೊ, ನಂಬರು, ಪ್ರತಿಗಳು, ಎಲ್ಲ ಅಳಿಸಿದಳು. ಸುಜಾತಾ ಕುರ್ಚಿ ಹಿಂದೆ ಸರಿಸಿದರೆ ಅಕ್ಕೋರು ತಡೆದರು. ಅಳಿಸಿದೆ ಎಂದರೆ ಸಾಲದು, ಬಾಗಿಲು ಬಡಿದು ನೋಡಬೇಕು ಎಂದರು. ಒಂದು ಕಾಗದದ ಮೇಲೆ ಮೊದಲೇ ಪ್ರಿಂಟ್ ತೆಗೆದಿಟ್ಟಿದ್ದ ಹೆಸರುಗಳನ್ನು ನಾನು ಓದುತ್ತ ಹೋದೆ. ಸುಜಾತಾ ಒಂದೊಂದನ್ನೇ ಅಚ್ಚಿನಲ್ಲಿ ತುಂಬಿ ವಿಳಾಸ ಕಟ್ಟಿದಳು, ಒತ್ತಿದಳು. ಪರದೆಗೆ ಮುಖ ತಾಗುವಷ್ಟು ಬಾಗಿ ಅಕ್ಕೋರು ನೋಡಿದರು. ಪುಟ ಇಲ್ಲ. ಮುಂದಿನದು. ಪುಟ ಇಲ್ಲ. ಹೀಗೆ ಊರು ಊರು ದಾಟಿ ಇಡೀ ದಿನ. ಸಂಜೆ ಎಲ್ಲ ಮುಗಿದ ಮೇಲೆ ಆ ಕಾಗದವನ್ನೂ ಹರಿದು, ಕೆಳಗಿನ ಅಂಗಡಿಯ ಒಲೆಗೆ ನನ್ನ ಕೈಯಿಂದಲೇ ಹಾಕಿಸಿದರು.

ಪುಣೆಯವನು ಹೇಳಿದಂತೆ ಫೋನ್ ಮಾಡಿದ. ಅಷ್ಟರಲ್ಲಿ ತಾನೇ ಸೈಟು ತೆರೆದು ನೋಡಿರಬೇಕು, ದನಿಯಲ್ಲಿ ಮೊದಲಿನ ಸಿಹಿ ಇರಲಿಲ್ಲ. ಫೋನಿನಿಂದ ಹೊರಗೆ ನಮಗೂ ಕೇಳಿಸುವಂತೆ ಕೂಗುತ್ತಿದ್ದ. ಅಷ್ಟೂ ಹುಡುಗಿಯರು ಎಲ್ಲಿ, ಎಲ್ಲಿ ಹೋದರು ಎಂದು.

ಅಕ್ಕೋರು ಸುಜಾತಾಳ ಕಡೆ ಒಮ್ಮೆ ನೋಡಿದರು.

"ಮನಿಗೆ ಹ್ವಾದ್ರು" ಎಂದು ಫೋನ್ ಇಟ್ಟರು.